ಸಮುದ್ರವಿಲ್ಲದ ಊರಿನ ಉಪ್ಪು

ವಿಮಾನ ನಿಲ್ದಾಣ

ಕುವೈತಿಗೆ ಹೋಗುವವರು ಹಪ್ಪಳ ಒಯ್ಯುತ್ತಾರೆ, ಒಣಮೀನು ಒಯ್ಯುತ್ತಾರೆ, ಕುಚ್ಚಲಕ್ಕಿಯನ್ನೂ ಒಯ್ಯುತ್ತಾರೆ. ನಾನು ಇವೆಲ್ಲದರ ಜೊತೆಗೆ ಒಂದು ಸುತ್ತಿಗೆ ಒಯ್ದೆ. ಗೇಣುದ್ದದ್ದು, ಹಿಡಿ ನನ್ನ ಬೆವರು ಕುಡಿದು ಕಪ್ಪಾದದ್ದು. ಅದಕ್ಕೆ ಜೊತೆಯಾಗಿ ಒಂದು ಅಯಸ್ಕಾಂತ, ಒಂದು ಟಾರ್ಚು.

ಕಾರಣ ಹೇಳುತ್ತೇನೆ. ನಾನು ಉಡುಪಿ ಹತ್ತಿರದ ಒಂದು ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಬಸ್ಸುಗಳ ಬಾಡಿ ಕಟ್ಟಿದವನು. ಕಟ್ಟಿದೆ ಎನ್ನುವುದಕ್ಕಿಂತ, ಸಮುದ್ರದ ಗಾಳಿ ತಿಂದು ಬಿಟ್ಟ ಬಾಡಿಗಳಿಗೆ ತೇಪೆ ಹಾಕಿದೆ ಎಂದರೆ ಸರಿಯಾದೀತು. ಬಾಗಿಲಿಗೆ ಬೆರಳಿನ ಗೆಣ್ಣಿನಿಂದ ಬಡಿದು, ಬಣ್ಣದ ಹಿಂದೆ ತಗಡು ಎಷ್ಟು ಉಳಿದಿದೆ, ತೂತು ಮುಚ್ಚುವ ಪುಟ್ಟಿ ಎಷ್ಟು ಮೆತ್ತಿದೆ ಎಂದು ಹೇಳಬಲ್ಲೆ. ನಮ್ಮ ಕಡೆ ಹಳೆ ಗಾಡಿ ಕೊಳ್ಳುವವರು ಮೊದಲು ನನ್ನನ್ನು ಕರೆಯುತ್ತಿದ್ದರು, ಆಮೇಲೆ ಜೋಯಿಸರನ್ನು.

ಕುವೈತಿನಲ್ಲಿರುವ ನನ್ನ ತಂಗಿ ಸುಜಾತಳ ಗಂಡ ದಯಾನಂದ ಭಾವ ಅಲ್ಲೊಂದು ದೊಡ್ಡ ಹಳೆ ಗಾಡಿ ನೋಡಿಟ್ಟಿದ್ದರು. ಅವರು ನನಗೆ ಭಾವ, ನಾನೂ ಅವರಿಗೆ ಭಾವ. "ಭಾವ, ನೀವು ಬಂದು ಒಮ್ಮೆ ಬಡಿದು ನೋಡಿ. ನೀವು ಆಯ್ತು ಅಂದ್ರೆ ಆಯ್ತು" ಎಂದು ಫೋನಿನಲ್ಲಿ ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಹೊಸ ದೇಶ ನೋಡುವ ಆಸೆಗಿಂತ, ನನ್ನ ಗೆಣ್ಣಿಗಾಗಿ ಒಂದು ದೇಶವೇ ಕಾಯುತ್ತಿದೆ ಎಂಬ ಹಮ್ಮಿನಲ್ಲಿ ವಿಮಾನ ಹತ್ತಿದೆ.

ಇಳಿದಾಗ ಕಾಯುತ್ತಿದ್ದದ್ದು ಕಸ್ಟಮ್ಸಿನ ಒಬ್ಬ ಎಳೆಯ ಅಧಿಕಾರಿ. ಸ್ಕ್ಯಾನಿನಲ್ಲಿ ಏನೋ ಕಂಡು ನನ್ನ ಚೀಲ ಬಿಚ್ಚಿಸಿದ. ಒಣಮೀನಿನ ಪೊಟ್ಟಣಗಳ ನಡುವಿನಿಂದ ಸುತ್ತಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ವರ್ಕ್?" ಎಂದು ಕೇಳಿದ.

ನನ್ನದು ವಿಸಿಟ್ ವೀಸಾ. ಅದರಲ್ಲಿ ಬಂದವರು ಕೆಲಸ ಮಾಡುವ ಹಾಗಿಲ್ಲ, ಸಿಕ್ಕಿಬಿದ್ದರೆ ಬಂದ ದಾರಿಯಲ್ಲೇ ವಾಪಸ್ ಎಂದು ತಂಗಿ ಮೊದಲೇ ಹೆದರಿಸಿದ್ದಳು. "ನೋ ವರ್ಕ್, ನೋ ವರ್ಕ್. ಕೋಕೊನಟ್!" ಎಂದು, ಎಡಗೈಯಲ್ಲಿ ಇಲ್ಲದ ತೆಂಗಿನಕಾಯಿ ಹಿಡಿದು ಬಲಗೈಯಲ್ಲಿ ಒಡೆದು ತೋರಿಸಿದೆ.

ಅವನು ನಿಧಾನವಾಗಿ ಅಯಸ್ಕಾಂತವನ್ನು ಎತ್ತಿದ. "ದಿಸ್ ಆಲ್ಸೋ ಕೋಕೊನಟ್?"

ನನ್ನ ಹಿಂದೆ ಸಾಲಿನಲ್ಲಿದ್ದ ಮಂಗಳೂರಿನ ಹೆಂಗಸೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ ಅಧಿಕಾರಿ ಯಾಕೋ ತನ್ನ ಬೆರಳು ಮೂಸಿ ನೋಡಿಕೊಂಡ. ಒಣಗಿದ ನಂಗು ಮೀನಿನ ವಾಸನೆ ಅಷ್ಟು ಬೇಗ ಬಿಡುವಂಥದ್ದಲ್ಲ. ಮುಖ ಕಿವುಚಿ ಇಡೀ ಚೀಲವನ್ನು ನನ್ನ ಕಡೆ ನೂಕಿ "ಯಲ್ಲಾ, ಯಲ್ಲಾ" ಎಂದು ಕೈಬೀಸಿದ. ಸುತ್ತಿಗೆ, ಅಯಸ್ಕಾಂತ, ನಾನು, ಮೂವರೂ ಹೀಗೆ ಕುವೈತ್ ಪ್ರವೇಶಿಸಿದೆವು.

ಮಂಗಫ್

ತಂಗಿಯ ಮನೆ ಮಂಗಫ್‌ನಲ್ಲಿ, ಮೂರನೇ ಮಹಡಿ. ಕೆಳಗಿನ ಅಂಗಡಿಯಲ್ಲಿ ಬಸಳೆಯೂ ಸಿಗುತ್ತದೆ, ಮಟ್ಟುಗುಳ್ಳದ ಹಾಗೆ ಕಾಣುವ ಬದನೆಯೂ ಸಿಗುತ್ತದೆ. ಮೆಟ್ಟಿಲು ಹತ್ತುವಾಗ ಒಂದು ಬಾಗಿಲಿಂದ ಮಲಯಾಳ, ಒಂದು ಬಾಗಿಲಿಂದ ಕೊಂಕಣಿ, ಒಂದು ಬಾಗಿಲಿಂದ ತುಳು ಕೇಳಿಸಿತು. ಪರದೇಶಕ್ಕೆ ಬಂದೆನೋ, ಉಡುಪಿಯ ಬಸ್‌ಸ್ಟ್ಯಾಂಡಿಗೆ ಬಂದೆನೋ ಎಂದು ಅನುಮಾನವಾಯಿತು. ಪರದೇಶ ಎಂದು ಖಾತ್ರಿಯಾದದ್ದು ತಂಗಿಯ ಮಗಳು, ಹನ್ನೆರಡು ವರ್ಷದ ಧೃತಿಯಿಂದ. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ದಯಾನಂದ ಭಾವನಿಗೆ ಕೆಲಸ ಶುಐಬಾ ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ. ಹತ್ತೊಂಬತ್ತು ವರ್ಷ ಕಂಪನಿ ಬಸ್ಸಿನಲ್ಲಿ ಓಡಾಡಿದ್ದಾರೆ. ಇಲ್ಲಿ ನಮ್ಮವರಿಗೆ ಡ್ರೈವಿಂಗ್ ಲೈಸೆನ್ಸ್ ಸುಮ್ಮನೆ ಸಿಗುವುದಿಲ್ಲ. ಹುದ್ದೆ ನೋಡುತ್ತಾರೆ, ಸಂಬಳ ನೋಡುತ್ತಾರೆ, ಓದು ನೋಡುತ್ತಾರೆ, ಡ್ರೈವಿಂಗನ್ನು ಕೊನೆಗೆ ನೋಡುತ್ತಾರೆ. ಭಾವನಿಗೆ ಪ್ರಮೋಷನ್ ಆಗಿ ಲೈಸೆನ್ಸ್ ಕೈಗೆ ಬಂದದ್ದು ಕಳೆದ ವರ್ಷ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋದ ಪಕ್ಕ ಇಟ್ಟಿದ್ದರು. ನನಗೂ ತೋರಿಸಿದರು. ನಾನು ಕೈ ಒರೆಸಿಕೊಂಡು ನೋಡಿದೆ.

ಚಳಿಗಾಲದಲ್ಲಿ ಇಲ್ಲಿಯವರು ಬಂಗಲೆಯಂಥ ಮನೆಗೆ ಬೀಗ ಹಾಕಿ ಮರುಭೂಮಿಗೆ ಹೋಗಿ ಡೇರೆ ಹೊಡೆದು ಕೂರುತ್ತಾರೆ. ನೆಲಕ್ಕೆ ಜಮಖಾನ, ಕುದಿಯುವ ಚಹಾ, ಪಕ್ಕದಲ್ಲಿ ಗುರುಗುಟ್ಟುವ ಜನರೇಟರು. ನಮ್ಮಲ್ಲಿ ಡೇರೆಯಲ್ಲಿ ಇರುವವರು ಯಾವಾಗ ಮನೆ ಆದೀತೋ ಎಂದು ಕಾಯುತ್ತಾರೆ, ಇಲ್ಲಿ ಮನೆ ಇರುವವರು ಯಾವಾಗ ಡೇರೆಗೆ ಹೋದೇವೋ ಎಂದು ಕಾಯುತ್ತಾರೆ. ನಮ್ಮವರೂ ರಜೆಯ ದಿನ ಗುಂಪು ಕಟ್ಟಿಕೊಂಡು ಹೋಗುವುದುಂಟು. ಭಾವನ ಸಂಸಾರ ಇಷ್ಟು ವರ್ಷವೂ ಬೇರೆಯವರ ಗಾಡಿಗಳಲ್ಲಿ ಹಂಚಿಹೋಗಿ ಕೂತಿದೆ. ಧೃತಿ ಯಾರದೋ ತೊಡೆಯ ಮೇಲೆ.

"ಈ ಸರ್ತಿ ನಮ್ಮದೇ ಗಾಡಿ ಭಾವ" ಎಂದು ಅವರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅಮೇರಿಕದಿಂದ ಬಂದ ಬಿಳಿಯ ಎಸ್‌ಯುವಿ. "ಎಂಟು ಸೀಟು ಉಂಟು. ಇನ್ನು ನಾವೇ ಬೇರೆಯವರನ್ನು ಕೂರಿಸಿಕೊಂಡು ಹೋಗುವ." ಆ ಫೋಟೋವನ್ನು ಅವರು ಎಷ್ಟು ಸಲ ನೋಡಿದ್ದರೆಂದರೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು.

ಸುಜಾತ ಅಡುಗೆಮನೆಯಲ್ಲಿ ನನ್ನೊಬ್ಬನನ್ನೇ ಹಿಡಿದಳು. ಅವಳು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. "ಅಣ್ಣ, ನಾನೂ ಧೃತಿಯೂ ದಿನಾ ಅದರಲ್ಲೇ ಹೋಗ್ಲಿಕ್ಕೆ. ಇಲ್ಲಿಯ ಹೈವೇ ನೋಡಿದಿಯಲ್ಲ, ನೂರಿಪ್ಪತ್ತರಲ್ಲಿ ಹೋದ್ರೂ ಹಿಂದಿನಿಂದ ಲೈಟ್ ಹೊಡೀತಾರೆ. ಇವರಿಗೆ ಗಾಡಿ ಕಂಡ್ರೆ ತಲೆ ನಿಲ್ಲುದಿಲ್ಲ. ನೀನು ಸರಿ ನೋಡು ಮಾರಾಯ." ನಾನು ನಕ್ಕು, ತುಕ್ಕು ನನ್ನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಲಾರದು ಎಂದೆ.

ಶುಕ್ರವಾರ, ಅಬು ಬದರ್ ಅವರ ಅಂಗಳ

ಗಾಡಿಯ ಮಾಲೀಕರ ಹೆಸರು ಅಬು ಬದರ್. ಅಮೇರಿಕದ ಹರಾಜಿನಿಂದ ಗಾಡಿಗಳನ್ನು ಹಡಗಿನಲ್ಲಿ ತರಿಸಿ ಮಾರುವವರು. ಅಂಗಳದಲ್ಲಿ ನೆರಳಿನ ಬಟ್ಟೆ ಕಟ್ಟಿ, ಅದರಡಿ ಐದು ದೊಡ್ಡ ಗಾಡಿಗಳು, ಒಂದು ಪ್ಲಾಸ್ಟಿಕ್ ಕುರ್ಚಿ. ಅವರಿಗೆ ಹಳೆ ಕಾಲದ ವ್ಯಾಪಾರಿಗಳ ಹಿಂದಿ ಬರುತ್ತಿತ್ತು. ಭಾವ ನನ್ನನ್ನು ಪರಿಚಯಿಸಿದ್ದೇ ತಡ, ಎದ್ದು ನಿಂತು, ಕೈ ಎದೆಗಿಟ್ಟು, "ಅಹ್ಲನ್, ಯಾ ಮುಹಂದಿಸ್!" ಎಂದರು.

"ಎಂಜಿನಿಯರ್ ಅಂತ ಕರೀತಿದ್ದಾರೆ" ಎಂದು ಭಾವ ಕಿವಿಯಲ್ಲಿ ಉಸುರಿದರು.

ಮೂವತ್ತೊಂದು ವರ್ಷದಲ್ಲಿ ಬಸ್ಸಿನ ಮಾಲೀಕರು ನನ್ನನ್ನು ಕರೆದದ್ದು "ಓಯ್" ಎಂದು. ಒಳ್ಳೆಯ ಮನಸ್ಸಿನಲ್ಲಿದ್ದರೆ "ಓಯ್ ಇಲ್ಲಿ ಬಾ". ಇಲ್ಲಿ ಸಾಲದ್ದಕ್ಕೆ ಚಹಾ, ಖರ್ಜೂರ, ಬೆನ್ನಿಗೆ ದಿಂಬು. ಚಹಾ ಮುಗಿಯುವವರೆಗೆ ಗಾಡಿಯ ಮಾತೇ ಎತ್ತಲಿಲ್ಲ. ನನ್ನ ಊರು, ನನ್ನ ಆರೋಗ್ಯ, ನನ್ನ ಅಣ್ಣತಮ್ಮಂದಿರ ಆರೋಗ್ಯ, ಎಲ್ಲ ವಿಚಾರಿಸಿದರು. ನಮ್ಮಲ್ಲಿ ಹಳೆ ಗಾಡಿ ಮಾರುವವನು ಗಿರಾಕಿಯ ಕಣ್ಣು ಟೈರಿನ ಕಡೆ ಹೋಗದಂತೆ ಮಾತಾಡುತ್ತಾನೆ. ಇವರು ಗಾಡಿಯನ್ನೇ ಮರೆತವರ ಹಾಗಿದ್ದರು. ನಾನು ಕರಗಿ ನೀರಾದೆ.

ಆಮೇಲೆ ಕೆಲಸಕ್ಕೆ ಇಳಿದೆ. ಗಾಡಿಯ ತಲೆಯ ಮೇಲಿನ ನೀರು ಹರಿಯುವ ಅಂಚು ನೋಡಿದೆ, ತುಕ್ಕಿನ ಒಂದು ಗುಳ್ಳೆಯೂ ಇಲ್ಲ. ಗಾಜಿನ ರಬ್ಬರು ಎತ್ತಿ ನೋಡಿದೆ. ನಾಲ್ಕೂ ಬಾಗಿಲಿನ ಕೆಳ ಅಂಚಿಗೆ ಬೆರಳು ಹಾಯಿಸಿದೆ. ಅಯಸ್ಕಾಂತ ಎಲ್ಲಿ ಇಟ್ಟರೂ ಗಟ್ಟಿ ಹಿಡಿದು ನಿಂತಿತು, ಅಂದರೆ ಪುಟ್ಟಿ ಮೆತ್ತಿಲ್ಲ. ನೆಲಹಾಸು ಎತ್ತಿ ಮೂಸಿದೆ, ಮಳೆನೀರಿನ ಮುಗ್ಗಲು ಇಲ್ಲ. ನಮ್ಮ ಕರಾವಳಿಯಲ್ಲಿ ತುಕ್ಕು ಮೇಲಿನಿಂದ ಬರುತ್ತದೆ, ಮಳೆಯಿಂದ ಮತ್ತು ಗಾಳಿಯಿಂದ. ಮೇಲೆ ಗೆದ್ದ ಗಾಡಿ ಪೂರ್ತಿ ಗೆದ್ದಂತೆ.

ಸುಜಾತ ಇಸ್ತ್ರಿ ಮಾಡಿಕೊಟ್ಟ ಬಿಳಿ ಪ್ಯಾಂಟು ಹಾಕಿಕೊಂಡಿದ್ದೆ. ಬಗ್ಗಿ ಅಡಿಯನ್ನೂ ನೋಡಿದೆ. ಹೊಳೆಯುವ ಕಪ್ಪು, ಈಗಷ್ಟೇ ಬಳಿದ ಹಾಗೆ. ನನಗೆ ಹೃದಯ ತುಂಬಿ ಬಂತು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಕಪ್ಪು ಬಳಿಸುವವನು ಒಳ್ಳೆಯ ಮಾಲೀಕ. ಬಳಿಸದವನು ನನ್ನ ಗಿರಾಕಿ.

"ಭಾವ, ಇದು ಅಮೇರಿಕದಲ್ಲಿ ಯಾವ ಊರಿನದ್ದು?"

ಭಾವ ಕಾಗದ ನೋಡಿದರು. "ಮಿಷಿಗನ್ ಅಂತ ಉಂಟು."

"ಅಲ್ಲಿ ಸಮುದ್ರ ಉಂಟಾ?"

ಮೊಬೈಲಿನ ಮ್ಯಾಪು ತೆಗೆದು ಬೆರಳಲ್ಲಿ ಹಿಗ್ಗಿಸಿದರು. "ದೊಡ್ಡ ದೊಡ್ಡ ಸರೋವರ ಉಂಟು. ಸಮುದ್ರ ಎಷ್ಟೋ ದೂರ."

"ಸರೋವರದ್ದು ಸಿಹಿನೀರು. ಸಮುದ್ರ ಇಲ್ಲದ ಊರಲ್ಲಿ ಉಪ್ಪೆಲ್ಲಿಂದ ಬರ್ತದೆ? ಉಪ್ಪಿಲ್ಲದೆ ತುಕ್ಕೆಲ್ಲಿಂದ? ಕಣ್ಣು ಮುಚ್ಚಿ ತೆಗೊಳ್ಳಿ ಭಾವ" ಎಂದೆ.

ಅಬು ಬದರ್ "ಝೇನ್, ಮುಹಂದಿಸ್?" ಎಂದು ಕೇಳಿದರು. ಒಳ್ಳೆಯದಾ ಎಂದು. ನಾನು ಎಂಜಿನಿಯರನ ಹಾಗೆ ಒಂದು ಕ್ಷಣ ತಡೆದು "ಝೇನ್" ಎಂದೆ. ಇಲ್ಲಿ ಕೆಲಸದ ದಿನವಾದ ಭಾನುವಾರ ಭಾವ ರಜೆ ಹಾಕಿ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳುವುದು ಎಂದಾಯಿತು. ಭಾವ ಹೊರಡುವಾಗ ಗಾಡಿಯ ಬಾನೆಟ್ಟನ್ನು ಒಮ್ಮೆ ಸವರಿದರು.

ಶನಿವಾರ, ಜಾಬ್ರಿಯಾ

ಜೂಲಿಯಾನಾ ಬಾಯಿ ತಂಗಿಯ ಗೆಳತಿ, ಶಿರ್ವ ಕಡೆಯ ಕ್ರಿಶ್ಚಿಯನ್ ಕುಟುಂಬ, ಆಸ್ಪತ್ರೆಯಲ್ಲಿ ನರ್ಸ್. ಜಾಬ್ರಿಯಾದ ಅವರ ಮನೆಯಲ್ಲಿ ನಮಗೆ ಮಧ್ಯಾಹ್ನದ ಊಟ. ಇಡ್ಲಿಯಂಥ ಸಣ್ಣ, ಕೋಳಿ ಸುಕ್ಕ, ಊರಿಂದ ಬಂದ ಅಪ್ಪೆಮಿಡಿ. ಭಾವ ನನ್ನ ಗುಣಗಾನ ಶುರುಮಾಡಿದ್ದರು. "ನಮ್ಮ ಭಾವ ಒಂದು ಸಲ ಬಡಿದ್ರೆ ಸಾಕು ಬಾಯಿ, ಎಕ್ಸ್‌ರೇ ಬೇಡ." ನಾನು ಬೇಡ ಬೇಡ ಎನ್ನುತ್ತ, ಇನ್ನೂ ಸ್ವಲ್ಪ ಹೇಳಲಿ ಎಂದು ತಟ್ಟೆ ನೋಡುತ್ತಿದ್ದೆ.

ಗಾಡಿ ಅಮೇರಿಕದ್ದು ಎಂದ ಕೂಡಲೇ ಮಾತು ಚಳಿಯ ಕಡೆ ಹೋಯಿತು. ಜೂಲಿಯಾನಾ ಬಾಯಿ ಅಲ್ಲೇ ಪಕ್ಕದ ಕೆನಡಾದಲ್ಲಿ ಎರಡು ಚಳಿಗಾಲ ಕೆಲಸ ಮಾಡಿ, ಸಾಕಪ್ಪಾ ಸಾಕು ಎಂದು ಓಡಿ ಬಂದವರು.

"ಅಯ್ಯೋ ದೇವಾ, ಚಳಿ ಬಿಡಿ, ನನ್ನ ಬೂಟಿನ ಕತೆ ಕೇಳಿ" ಎಂದರು. "ಎರಡು ವರ್ಷದಲ್ಲಿ ಮೂರು ಜೊತೆ ಹಾಳಾಯ್ತು. ರಸ್ತೆ ತುಂಬ ಉಪ್ಪು. ನಡೆದು ಬಂದ್ರೆ ಬೂಟಿನ ಮೇಲೆ ಬಿಳಿ ಬಿಳಿ ಗೆರೆ."

ನಾನು ತಲೆ ಎತ್ತಿದೆ. "ಉಪ್ಪಾ? ಸಮುದ್ರ ಹತ್ತಿರ ಇತ್ತಾ?"

"ಸಮುದ್ರ ಎಲ್ಲಿಯದ್ದು! ಹಿಮ ಕರಗ್ಲಿಕ್ಕೆ ಲಾರಿಯಲ್ಲಿ ತಂದು ರಸ್ತೆಗೆ ಬಿಸಾಡ್ತಾರೆ. ಅಲ್ಲೆಲ್ಲ ಹಾಗೇ, ಅಮೇರಿಕದಲ್ಲೂ ಹಾಗೇ. ಇಡೀ ಚಳಿಗಾಲ ಅದೇ ರಾಡಿಯಲ್ಲಿ ಗಾಡಿಗಳು ಓಡ್ತವೆ. ನೀವು ಸಣ್ಣ ಇನ್ನೊಂದು ಹಾಕ್ಕೊಳ್ಳಿ ಅಣ್ಣ."

ನಾನು ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಉಪ್ಪು ಗಾಳಿಯಲ್ಲಿ ತೇಲಿ ಬಂದು ಗಾಡಿಯ ತಲೆಗೆ ಕೂರುತ್ತದೆ. ಅಲ್ಲಿ ಉಪ್ಪುನೀರು ರಸ್ತೆಯಿಂದ ಚಿಮ್ಮಿ ಗಾಡಿಯ ಹೊಟ್ಟೆಗೆ ಮೆತ್ತುತ್ತದೆ. ನಾನು ತಲೆಯನ್ನು ನೋಡಿ ಹೊಟ್ಟೆಗೆ ಸರ್ಟಿಫಿಕೇಟ್ ಕೊಟ್ಟಿದ್ದೆ. ಆ ಹೊಳೆಯುವ ಕಪ್ಪು ಕಣ್ಣಮುಂದೆ ಬಂತು. ಬಳಿದದ್ದು ತುಕ್ಕು ಬಾರದಿರಲಿ ಎಂದಲ್ಲದೆ, ಬಂದದ್ದು ಕಾಣದಿರಲಿ ಎಂದಾದರೆ?

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು. ಭಾವ ಆಗಷ್ಟೇ ನನ್ನನ್ನು ಎಕ್ಸ್‌ರೇ ಮೆಷಿನ್ನಿಗೆ ಹೋಲಿಸಿದ್ದರು. ಎದುರಿಗೆ ಸುಜಾತ ನಗುನಗುತ್ತ ಕೂತಿದ್ದಳು, ಪಕ್ಕದಲ್ಲಿ ಧೃತಿ ಎಲುಬು ಚೀಪುತ್ತಿದ್ದಳು. ಇವರಿಬ್ಬರನ್ನು ನಾಳೆಯಿಂದ ಆ ಗಾಡಿಯಲ್ಲಿ ನೂರಿಪ್ಪತ್ತರ ವೇಗಕ್ಕೆ ಕೂರಿಸುವ ಮಾತಾಡಿದ್ದು ನಾನು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮನೆಗೆ ಬಂದ ಮೇಲೆ, "ಭಾವ, ನಾಳೆ ಹೆಸರಿಗೆ ಮಾಡುವ ಮೊದಲು ಗಾಡಿಯನ್ನು ಒಮ್ಮೆ ಲಿಫ್ಟಿಗೆ ಹಾಕಿಸಿ ನೋಡುವ" ಎಂದೆ.

"ಯಾಕೆ? ನೀವೇ ಕಣ್ಣು ಮುಚ್ಚಿ ತೆಗೊಳ್ಳಿ ಅಂದದ್ದಲ್ವಾ?"

"ಆಯಿಲ್ ಗೀಯಿಲ್ ಸೋರ್ತದಾ ಅಂತ" ಎಂದು ಸುಳ್ಳು ಹೇಳಿದೆ. ಭಾವ ನನ್ನನ್ನೊಮ್ಮೆ ನೋಡಿ ಅಬು ಬದರ್ ಅವರಿಗೆ ಫೋನ್ ಮಾಡಿದರು.

ಭಾನುವಾರ, ಶುವೈಖ್

ಶುವೈಖ್ ಎಂದರೆ ಗ್ಯಾರೇಜುಗಳದ್ದೇ ಒಂದು ಊರು. ನನಗೆ ತವರಿಗೆ ಬಂದ ಹಾಗಾಯಿತು, ಅದೇ ಗ್ರೀಸಿನ ವಾಸನೆ, ಅದೇ ಬೈಗುಳ, ಭಾಷೆ ಮಾತ್ರ ನಾಲ್ಕು ಜಾಸ್ತಿ. ಅಬು ಬದರ್ ಯಾವ ತಕರಾರೂ ಇಲ್ಲದೆ ತಾವೇ ಗಾಡಿ ಓಡಿಸಿಕೊಂಡು ಬಂದರು. ಗ್ಯಾರೇಜಿನ ಪಾಕಿಸ್ತಾನಿ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರು ಗುಂಡಿ ಒತ್ತಿದರು, ಗಾಡಿ ಮೇಲೇರಿತು, ನಾನು ಸುತ್ತಿಗೆ ಹಿಡಿದು ಅಡಿಗೆ ಹೋದೆ.

ಇಡೀ ಗಾಡಿ ಹೊರುವ ಚಾಸಿಸ್ಸಿನ ಮುಂದಿನ ಭಾಗಕ್ಕೆ ಮೆಲ್ಲನೆ ಬಡಿದೆ. ಠಣ್ ಎಂದಿತು. ನಡುಭಾಗ, ಠಣ್. ನನ್ನ ಜೀವ ಸ್ವಲ್ಪ ಹಿಂದೆ ಬಂತು. ಭಾವನ ಮುಖ ಅರಳಿತು. ಹಿಂದಿನ ಚಕ್ರದ ಹತ್ತಿರ ಬಡಿದೆ. ಡಬ್ ಎಂದಿತು. ಒದ್ದೆ ಗೋಣಿಗೆ ಬಡಿದ ಹಾಗೆ. ಇನ್ನೊಮ್ಮೆ ಸ್ವಲ್ಪ ಜೋರಾಗಿ ಬಡಿದೆ.

ಸುತ್ತಿಗೆ ಒಳಗೆ ಹೋಯಿತು. ತಲೆ ಪೂರ್ತಿ ಒಳಗೆ, ಹಿಡಿ ಹೊರಗೆ. ಕಪ್ಪು ಬಣ್ಣದ ಸಿಪ್ಪೆಯೂ ಅದರ ಹಿಂದಿನ ಕೆಂಪು ಪದರಗಳೂ ಮುರಿದ ಹಪ್ಪಳದ ಹಾಗೆ ನನ್ನ ತಲೆ, ಕನ್ನಡಕ, ಅಂಗಿಯ ಕಿಸೆಗೆಲ್ಲ ಸುರಿದವು. ಎಳೆದೆ, ಬರಲಿಲ್ಲ. ತಿರುಚಿದೆ, ಬರಲಿಲ್ಲ. ಒಂದು ದೇಶದ ಗಾಡಿಯಲ್ಲಿ, ಇನ್ನೊಂದು ದೇಶದ ಸುತ್ತಿಗೆ, ಮೂರನೇ ದೇಶದಲ್ಲಿ ಸಿಕ್ಕಿಕೊಂಡಿತು. ಉಸ್ತಾದ್ ಬಂದು, "ಚಾಚಾ, ಹಟಿಯೇ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಕಬ್ಬಿಣದ ಸಲಾಕೆಯಿಂದ ಮೀಟಿದರು. ಸುತ್ತಿಗೆ ಬಂತು, ಜೊತೆಗೆ ಅಂಗೈಯಗಲದ ಚಾಸಿಸ್ಸೂ ಬಂತು. ಉಸ್ತಾದ್ ಬ್ರೇಕಿನ ಪೈಪನ್ನು ಉಗುರಿನಿಂದ ಕೆರೆದು ತೋರಿಸಿದರು. ಅದೂ ಅದೇ ಗತಿ.

ಅಬು ಬದರ್ ಜಗಳಕ್ಕೆ ಬರುತ್ತಾರೆಂದು ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದೆ. ಅವರು ಆ ತುಂಡನ್ನು ಎತ್ತಿ ಬೆರಳಲ್ಲಿ ಒತ್ತಿದರು. ಅದು ಪುಡಿಯಾಯಿತು. ಮಳೆಯೇ ಅಪರೂಪವಾದ ಊರಿನ ಮನುಷ್ಯ, ಗಾಡಿ ಹಡಗಿಳಿದದ್ದೇ ಕಪ್ಪು ಬಳಿದುಕೊಂಡು, ಇಂಥದ್ದನ್ನು ಅವರು ಕಂಡೇ ಇರಲಿಲ್ಲ. ಬಿಳಿ ನಿಲುವಂಗಿಗೆ ಕೈ ಒರೆಸಿಕೊಂಡರು, ಕೆಂಪು ಹಾಗೇ ಉಳಿಯಿತು. ಫೋನ್ ತೆಗೆದು ಅರಬಿಯಲ್ಲಿ ಯಾರಿಗೋ ಜೋರಾಗಿ ಏನೋ ಹೇಳಿದರು. ಉಸ್ತಾದ್ ನಮಗೆ ಹೇಳಿದ್ದು, ಅದೇ ಹಡಗಿನಲ್ಲಿ ಬಂದ ಇನ್ನೊಂದು ಗಾಡಿಯಲ್ಲಿ ಅವರ ಮಗ ಮರುಭೂಮಿಗೆ ಹೋಗಿದ್ದಾನಂತೆ, ಅದನ್ನು ಅಲ್ಲೇ ಬಿಟ್ಟು ಬೇರೆಯವರ ಜೊತೆ ಬಾ ಎನ್ನುತ್ತಿದ್ದಾರಂತೆ.

ಫೋನ್ ಇಟ್ಟು ಭಾವನ ಭುಜ ಹಿಡಿದು "ಖಲಾಸ್" ಎಂದರು. ಅಲ್ಲಿಗೆ ಆ ಗಾಡಿಯ ಮಾತು ಮುಗಿಯಿತು.

ಹಿಂದಿರುಗುವ ದಾರಿ

ಟ್ಯಾಕ್ಸಿಯಲ್ಲಿ ಭಾವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಕಿಸೆಯಲ್ಲಿ ಪ್ಲಾಸ್ಟಿಕ್ ಕವರಿನ ಲೈಸೆನ್ಸು ಕಾಣುತ್ತಿತ್ತು. ಬೆಳಿಗ್ಗೆ ದೇವರಿಗೆ ಕೈಮುಗಿದು ಕಿಸೆಗೆ ಹಾಕಿಕೊಂಡದ್ದು. ನನಗೆ ಅಳು ಬರುವಂತಾಯಿತು.

"ಭಾವ, ತಪ್ಪು ನನ್ನದು" ಎಂದೆ. "ಶುಕ್ರವಾರ ನಾನು ಸರಿಯಾಗಿ ನೋಡ್ಲಿಲ್ಲ. ಉಪ್ಪಿನ ಸಂಗತಿ ನಂಗೆ ಗೊತ್ತೇ ಇರ್ಲಿಲ್ಲ. ನಿನ್ನೆ ಗೊತ್ತಾದ ಮೇಲೂ ಹೇಳ್ಲಿಲ್ಲ. ಆಯಿಲ್ ಅಂತ ಸುಳ್ಳು ಹೇಳಿದೆ."

ಭಾವ ಲೈಸೆನ್ಸನ್ನು ಕಿಸೆಯ ಒಳಕ್ಕೆ ತಳ್ಳಿದರು. ಆಮೇಲೆ, "ನೀವು ಅಡಿ ನೋಡ್ಲಿಲ್ಲ ಅಂತ ನಂಗೆ ಶುಕ್ರವಾರವೇ ಗೊತ್ತಿತ್ತು" ಎಂದರು.

ನಾನು ಅವರ ಮುಖ ನೋಡಿದೆ.

"ನಿಮ್ಮ ಮೊಣಕಾಲು ಮಡಚುದಿಲ್ಲ. ಅರ್ಧ ಬಗ್ಗಿದ್ರಿ, ಪ್ಯಾಂಟು ಹಿಡ್ಕೊಂಡ್ರಿ, ಎದ್ರಿ. ನಾನು ಅಲ್ಲೇ ಹಿಂದೆ ನಿಂತಿದ್ದೆ. ಭಾವ, ಇನ್ನೊಮ್ಮೆ ನೋಡಿ ಅಂತ ನಾಲಗೆ ತುದಿಗೆ ಬಂತು. ಅಷ್ಟರಲ್ಲಿ ನೀವು ತೆಗೊಳ್ಳಿ ಅಂದ್ಬಿಟ್ರಿ. ನಂಗೆ ಬೇಕಾದದ್ದು ಅದೇ ಮಾತಲ್ವಾ. ಮತ್ತೆ ಯಾಕೆ ಕೇಳುದು ಅಂತ ಸುಮ್ಮನಾದೆ." ಅವರು ಕಣ್ಣು ಒರೆಸಿಕೊಂಡರು. "ಸುಜಾತಳಿಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು. ಮನೆಯ ಬಾಗಿಲಲ್ಲೇ ಸುಜಾತ ನನ್ನ ತಲೆಯಿಂದ ಒಂದು ಕೆಂಪು ಚಕ್ಕೆ ತೆಗೆದು ಎರಡು ಪ್ರಶ್ನೆ ಕೇಳಿದಳು. ಮೂರನೆಯದಕ್ಕೆ ಇಬ್ಬರೂ ಎಲ್ಲ ಹೇಳಿಬಿಟ್ಟೆವು. ಅವಳು ಆ ದಿನ ಬರೀ ಗಂಜಿ, ಉಪ್ಪಿನಕಾಯಿ ಬಡಿಸಿದಳು.

ಮುಂದಿನ ಶುಕ್ರವಾರ, ಅಬು ಹಲೀಫಾ

ಊರಿಗೆ ಮರಳುತ್ತಿದ್ದ ಶಾಲಾ ಮಾಸ್ತರರೊಬ್ಬರ ಗಾಡಿ. ಐದೇ ಸೀಟು, ಬಣ್ಣ ಬಿಸಿಲಿಗೆ ಮಾಸಿದೆ. ಕುವೈತಿನಲ್ಲೇ ಹೊಸದಾಗಿ ಕೊಂಡು ಇಲ್ಲಿಯೇ ಓಡಿಸಿದ್ದು, ಹಿಮ ಕಂಡದ್ದಿಲ್ಲ ಎಂದು ಅವರು ಆಣೆ ಹಾಕಿದರು. ನಮ್ಮ ಸಂಸಾರ ಪೂರ್ತಿ ಬಂದಿತ್ತು. ಸುಜಾತ ಕೈಕಟ್ಟಿ ನಿಂತಿದ್ದಳು.

ಭಾವ ಚಪ್ಪಲಿ ಬಿಟ್ಟು, ಮರಳಿನ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಸರಿದರು. ನಾನು ಮೊಣಕಾಲು ಹಿಡಿದುಕೊಂಡು, ಮೊದಲು ಕೈ, ಆಮೇಲೆ ಸೊಂಟ, ಕೊನೆಗೆ ಕಾಲು, ಹೀಗೆ ಕಂತಿನಲ್ಲಿ ಇಳಿದು ಇನ್ನೊಂದು ಕಡೆಯಿಂದ ತೂರಿದೆ. ಹೊರಗೆ ಧೃತಿ ಏನೋ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದಳು, ಮೊಬೈಲಿನ ಕ್ಲಿಕ್ ಕೇಳಿಸಿತು. ಇಬ್ಬರು ಭಾವಂದಿರ ನಾಲ್ಕು ಪಾದಗಳ ಫೋಟೋ ಈಗ ನಮ್ಮ ಇಡೀ ಬಳಗದಲ್ಲಿದೆ.

ಅಡಿ ಬರೀ ಧೂಳು. ಕಪ್ಪು ಬಳಿದಿರಲಿಲ್ಲ. ಮೇಲಿನಿಂದ ಮಾಸ್ತರರು, "ಹೇಗುಂಟು ಸಾರ್?" ಎಂದು ಕೂಗಿದರು. ಭಾವ ಕತ್ತು ತಿರುಗಿಸಿ, ಮರಳು ಬೀಳದ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದರು. ಅದೇ ಆಸೆ ಆ ಕಣ್ಣಲ್ಲಿತ್ತು.

"ಹೇಗುಂಟು ಭಾವ?"

ಗಾಡಿ ಚೆನ್ನಾಗಿದೆ ಎಂದು ನನಗೆ ಅನ್ನಿಸಿತ್ತು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಮೂವತ್ತೊಂದು ವರ್ಷ ಅದು ಒಮ್ಮೆಯೂ ತಡವಾದದ್ದಿಲ್ಲ.

"ಗೊತ್ತಿಲ್ಲ ಭಾವ" ಎಂದೆ. "ನೀವು ಆ ಕಡೆಯಿಂದ ಬನ್ನಿ, ನಾನು ಈ ಕಡೆಯಿಂದ ಬರ್ತೇನೆ. ಪೂರ್ತಿ ನೋಡುವ."